ನಿಮ್ಮ ಪಂಕ್ಚರ್ ಕಿಟ್ ಡಬ್ಬಿ ಮೇಲೆ ಗೊತ್ತಾಗಬೇಕಾದ್ದೇ ಬರೆದಿಲ್ಲ – ದೂರು

ಕಸ್ಟಮರ್ ಕೇರ್‌ನವರಿಗೆ,

ಸಾರ್ / ಮೇಡಂ, ನಮಸ್ಕಾರ.

ನಿಮ್ಮ ಕಂಪನಿಯ ಸೈಕಲ್ ಟ್ಯೂಬ್ ಪಂಕ್ಚರ್ ಕಿಟ್ ಬಗ್ಗೆ ಈ ದೂರು. ಬದಲಿಗೆ ಕಳಿಸಿದ ಎರಡನೇ ಕಿಟ್ ವಾಪಸ್ ತಗೊಳ್ಳಿ ಅಂತ ಚಾಟ್‌ನಲ್ಲಿ ಎಷ್ಟು ಸಲ ಹೇಳಿದ್ರೂ "ಓಪನ್ ಮಾಡಿದ ಐಟಂ ವಾಪಸ್ ತಗೊಳಲ್ಲ" ಅನ್ನೋ ಒಂದೇ ಉತ್ತರ ಬರ್ತಿದೆ, ಓಪನ್ ಮಾಡದೆ ಒಳಗೆ ಏನಿದೆ ಅಂತ ಗೊತ್ತಾಗೋದಾದ್ರೂ ಹೇಗೆ ಹೇಳಿ, ಅದಕ್ಕೇ ಪೂರ್ತಿ ವಿಷಯ ಬರೀತಿದೀನಿ.

ಮೊದಲ ಕಿಟ್ ತಗೊಂಡು ಸೀಟ್ ಕೆಳಗಿನ ಬ್ಯಾಗಲ್ಲಿ ಇಟ್ಟಿದ್ದೆ, ತೂತು ಮುಚ್ಚೋ ಪ್ಯಾಚ್ ಅಂಟಿಸೋಕೆ ಹಚ್ಚೋ ಸೊಲ್ಯೂಷನ್ ಟ್ಯೂಬ್ ಮುಟ್ಟೇ ಇರ್ಲಿಲ್ಲ. ಆಮೇಲೆ ಒಂದಿನ ಕತ್ತಲಾಗೋ ಹೊತ್ತಲ್ಲಿ ಹಿಂದಿನ ಚಕ್ರ ಪಂಕ್ಚರ್ ಆಯ್ತು, ರಸ್ತೆ ಪಕ್ಕ ನಿಂತು ಚಕ್ರ ಬಿಚ್ಚಿ ಟ್ಯೂಬ್ ಎಳೆದು ತೂತು ಹುಡುಕಿ ಸ್ಯಾಂಡ್ ಪೇಪರಲ್ಲಿ ಉಜ್ಜಿ ಎಲ್ಲಾ ರೆಡಿ ಮಾಡ್ಕೊಂಡು ಸೊಲ್ಯೂಷನ್ ಸೀಲ್ ಚುಚ್ಚಿದ್ರೆ ಒಂದು ಹನಿನೂ ಬರ್ಲಿಲ್ಲ. ಹಿಂಡಿದ್ರೆ ಬರೀ ಗಾಳಿ. ಸೈಕಲ್ ತಳ್ಕೊಂಡೇ ಮನೆಗೆ ಬಂದೆ. ಬಂದು ಆ ಸೊಲ್ಯೂಷನ್ ಟ್ಯೂಬನ್ನ ಕತ್ತರಿಸಿ ನೋಡಿದೆ, ಒಳಗೆ ಗೋಡೆಗೆ ಒಣಗಿ ಅಂಟಿಕೊಂಡ ರಬ್ಬರ್ ಪೊರೆ ಅಷ್ಟೇ, ಬಾಯಿನ ಸೀಲ್ ಸರಿಯಾಗಿತ್ತು ಆದ್ರೆ ಹಿಂಭಾಗದ ಮಡಿಕೆ ಒಂದು ಕಡೆ ಬಿಟ್ಕೊಂಡಿತ್ತು. ಫೋಟೋ ಕಳಿಸಿದೀನಿ, ನೋಡಿ.

ಸೊಲ್ಯೂಷನ್ ಅಂದ್ರೆ ದ್ರಾವಕದಲ್ಲಿ ಕರಗಿಸಿರೋ ರಬ್ಬರ್, ಆ ದ್ರಾವಕ ಬಲು ಬೇಗ ಆರಿ ಹೋಗೋದು, ಸಣ್ಣ ಸಂದು ಸಿಕ್ಕಿದ್ರೂ ಸಾಕು. ಒಂದು ಸಲ ಓಪನ್ ಮಾಡಿದ ಮೇಲಂತೂ ಮುಚ್ಚಳ ಎಷ್ಟು ಬಿಗಿ ಹಾಕಿದ್ರೂ ಬಹಳ ದಿನ ಉಳಿಯಲ್ಲ, ಅದನ್ನ ಒಪ್ಕೋತೀನಿ. ಆದ್ರೆ ಸೀಲ್ ಇರೋದೇ ಒಣಗಿದ್ರೆ ತಗೊಳೋನು ಏನು ಮಾಡ್ಬೇಕು? ಡಬ್ಬಿ ಮೇಲೆ ಬ್ಯಾಚ್ ನಂಬರ್ ಇದೆ, ಯಾವಾಗ ತುಂಬಿದ್ದು ಅಂತ ತಾರೀಕು ಎಲ್ಲೂ ಇಲ್ಲ. ಎಷ್ಟು ಹಳೇದು ಅನ್ನೋದೇ ಗೊತ್ತಿಲ್ದೆ ಎರಡು ಕಿಟ್ ಪಕ್ಕಪಕ್ಕ ಇಟ್ಟು ಯಾವುದನ್ನ ಆರಿಸ್ಕೊಳ್ಳೋದು?

ಬದಲಿಗೆ ಇನ್ನೊಂದು ಕಿಟ್ ಕಳಿಸಿದ್ರಿ, ಥ್ಯಾಂಕ್ಸ್, ಆದ್ರೆ ಅದರಲ್ಲಿ ಇದ್ದಿದ್ದು ಸ್ಟಿಕರ್ ಥರ ಸಿಪ್ಪೆ ತೆಗೆದು ಅಂಟಿಸೋ ಪ್ಯಾಚ್, ಸೊಲ್ಯೂಷನ್ನೇ ಇಲ್ಲ. ಡಬ್ಬಿ ಮಾತ್ರ ಹಳೇದೇ, ಅದೇ ಬಣ್ಣ, ಅದೇ ಹೆಸರು. ಇವೆರಡೂ ಒಂದೇ ಕೆಲ್ಸ ಮಾಡಲ್ಲ ಸಾರ್. ಸೊಲ್ಯೂಷನ್ ಹಾಕಿ ಕೂರಿಸೋ ಪ್ಯಾಚಲ್ಲಿ ಅಡಿಯ ಪದರ ಸೊಲ್ಯೂಷನ್ ಜೊತೆ ರಿಯಾಕ್ಟ್ ಆಗಿ ಟ್ಯೂಬಿಗೆ ಬೆಸೆದುಕೊಳ್ಳತ್ತೆ, ವಲ್ಕನೈಸಿಂಗ್ ಅನ್ನೋದು ಅದಕ್ಕೇ, ಸರಿಯಾಗಿ ಹಾಕಿದ್ರೆ ಟ್ಯೂಬ್ ಇರೋವರೆಗೂ ಬಾಳತ್ತೆ. ಸ್ಟಿಕರ್ ಪ್ಯಾಚ್ ಬರೀ ಅಂಟಿಕೊಂಡಿರತ್ತೆ, ಮನೆ ಸೇರೋಕೆ ಪರವಾಗಿಲ್ಲ, ಜೇಬಲ್ಲಿಟ್ಟುಕೊಳ್ಳೋಕೂ ಹಗುರ, ಆದ್ರೆ ಟ್ಯೂಬ್ ಹಿಗ್ಗಿ ಕುಗ್ಗಿ ಮಾಡ್ತಾ ಹೋದಂಗೆ ಅಂಚು ಏಳೋಕೆ ಶುರುವಾಗತ್ತೆ. ನನಗೂ ಹಾಗೇ ಆಯ್ತು. ತುರ್ತಿಗೆ ಬೇಕು ಅನ್ನೋರು ಅದನ್ನ ತಗೊಳ್ಳಲಿ, ಶಾಶ್ವತ ರಿಪೇರಿ ಬೇಕು ಅನ್ನೋರು ಇದನ್ನ ತಗೊಳ್ಳಲಿ, ಆದ್ರೆ ಯಾವ್ದು ಯಾವ್ದು ಅಂತ ಡಬ್ಬಿ ಮೇಲೆ ದೊಡ್ಡದಾಗಿ ಬರೀಬೇಕಲ್ವಾ.

ಇನ್ನು "ಎಲ್ಲಾ ಟ್ಯೂಬ್‌ಗಳಿಗೂ" ಅಂತ ಹಾಕಿದೀರಲ್ಲ, ಅದು ತಪ್ಪು ಮಾಹಿತಿ. ಮಾಮೂಲಿ ಕಪ್ಪು ಬ್ಯುಟೈಲ್ ರಬ್ಬರ್ ಟ್ಯೂಬಿಗೆ ಸರಿ. ಈಗ ಬರ್ತಿರೋ ತೆಳ್ಳಗಿನ ಪ್ಲಾಸ್ಟಿಕ್ ಥರದ ಟಿಪಿಯು ಟ್ಯೂಬ್ ರಬ್ಬರೇ ಅಲ್ಲ, ಅದಕ್ಕೆ ಅದರದ್ದೇ ಪ್ಯಾಚ್ ಬೇಕು, ನಿಮ್ಮ ಸೊಲ್ಯೂಷನ್ ಹಿಡಿಯಲ್ಲ. ಗೊತ್ತಿಲ್ಲದೋರು ಇದನ್ನೇ ನಂಬಿಕೊಂಡು ದೂರ ಹೋದ್ರೆ ದಾರಿ ಮಧ್ಯೆ ಗತಿ ಏನು? ಪ್ಯಾಚ್ ಸೈಜೂ ಹಾಗೇ, ಎಲ್ಲಾ ದೊಡ್ಡ ದೊಡ್ಡ ಚೌಕ, ಕಿರಿದಾದ ರೇಸಿಂಗ್ ಟ್ಯೂಬ್ ಮೇಲೆ ಹಾಕಿದ್ರೆ ಬದಿಗೆ ಮಡಚಿಕೊಳ್ಳತ್ತೆ, ಮೂಲೆಯಿಂದ ಏಳತ್ತೆ. ಅಂಚು ತೆಳ್ಳಗೆ ಇಳಿದಿರೋ ಸಣ್ಣ ದುಂಡು ಪ್ಯಾಚ್ ನಾಲ್ಕೈದಾದ್ರೂ ಹಾಕಿ.

ಎಲ್ಲಕ್ಕಿಂತ ಬೇಜಾರಾಗಿದ್ದು ಒಳಗಿನ ಚೀಟಿ. "ಸೊಲ್ಯೂಷನ್ ಹಚ್ಚಿದ ತಕ್ಷಣ ಪ್ಯಾಚ್ ಅಂಟಿಸಿ" ಅಂತ ಬರೆದಿದೆ. ತಕ್ಷಣ ಅಲ್ಲ! ಪ್ಯಾಚ್‌ಗಿಂತ ಸ್ವಲ್ಪ ಅಗಲಕ್ಕೆ ತೆಳ್ಳಗೆ ಹಚ್ಚಿ, ಒಂದೈದು ನಿಮಿಷ ಬಿಟ್ಟು, ಹೊಳಪು ಹೋಗಿ ಆರಿದ ಮೇಲೆ ಪ್ಯಾಚ್ ಇಟ್ಟು ಗಟ್ಟಿಯಾಗಿ ಒತ್ತಬೇಕು. ಹಸಿ ಇದ್ದಾಗಲೇ ಇಟ್ರೆ ದ್ರಾವಕ ಅಡಿಯಲ್ಲೇ ಸಿಕ್ಕಿಕೊಂಡು ಪ್ಯಾಚ್ ಜಾರತ್ತೆ. ಹೊಸದಾಗಿ ಕಲಿಯೋ ಹುಡುಗ್ರು ನಿಮ್ಮ ಚೀಟಿ ನೋಡ್ಕೊಂಡು ಮಾಡಿ, ನಿಲ್ಲದೇ ಹೋದಾಗ ತಮ್ಮ ಕೈಯಲ್ಲೇ ತಪ್ಪಿದೆ ಅಂದ್ಕೋತಾರೆ, ಅದು ನನಗೆ ತುಂಬಾ ನೋವಾಗೋ ವಿಷಯ.

ಟೈರ್ ಬಿಚ್ಚೋ ಲಿವರ್ ಎರಡೂ ಚೆನ್ನಾಗಿವೆ, ಗಟ್ಟಿ ಟೈರಿಗೂ ಬಗ್ಗಲಿಲ್ಲ, ಟ್ಯೂಬ್ ಚಿವುಟಲಿಲ್ಲ. ಸ್ಯಾಂಡ್ ಪೇಪರೂ ಸರಿಯಾಗಿದೆ, ಬೇರೆ ಕಿಟ್‌ಗಳಲ್ಲಿ ಬರೋ ತಗಡಿನ ತುರಿಯೋ ಪಟ್ಟಿಗಿಂತ ಎಷ್ಟೋ ವಾಸಿ. ಅವನ್ನ ಬದಲಾಯಿಸ್ಬೇಡಿ.

ನನಗೆ ಬೇಕಾಗಿರೋದು ಇಷ್ಟು. ಎರಡನೇ ಕಿಟ್ ವಾಪಸ್ ತಗೊಂಡು ದುಡ್ಡು ಕೊಡಿ, ಇಲ್ಲಾ ಒಣಗದೇ ಇರೋ ಸೊಲ್ಯೂಷನ್ ಮತ್ತೆ ಅದಕ್ಕೆ ಹೊಂದೋ ಪ್ಯಾಚ್ ಕಳಿಸಿ. ಡಬ್ಬಿ ಮೇಲೆ ತುಂಬಿದ ತಾರೀಕು, ಸೊಲ್ಯೂಷನ್ ಪ್ಯಾಚೋ ಸ್ಟಿಕರ್ ಪ್ಯಾಚೋ, ಯಾವ ಟ್ಯೂಬಿಗೆ ಆಗತ್ತೆ ಯಾವುದಕ್ಕೆ ಆಗಲ್ಲ ಅಂತ ಪ್ರಿಂಟ್ ಮಾಡಿ, ಚೀಟಿ ತಿದ್ದಿ. ಮೊದಲ ಕಿಟ್‌ನ ಬ್ಯಾಚ್‌ನಲ್ಲಿ ಇನ್ನೆಷ್ಟು ಡಬ್ಬಿ ಅಂಗಡಿಗಳಲ್ಲಿ ಇವೆಯೋ, ಅವನ್ನ ಒಂದ್ಸಲ ಚೆಕ್ ಮಾಡಿಸಿ. ಬ್ಯಾಚ್ ನಂಬರ್ ಮತ್ತು ಬಿಲ್ ಫೋಟೋ ಜೊತೆಗಿದೆ, ಚಾಟ್ ಬೇಡ, ಈ ಪತ್ರಕ್ಕೇ ಉತ್ತರ ಕೊಡಿ.

ಇಂತಿ,
ನಿಮ್ಮ ಗ್ರಾಹಕ