ವಾರ್ಡ್‌ರೋಬ್‌ನ ಪ್ಲಗ್ ಪಾಯಿಂಟ್ ಒಮ್ಮೆ ಬಿಚ್ಚಿಸಿ ನೋಡಿ

ಮಾನ್ಯ ಸಂಪಾದಕರೇ,

ಹೋದ ಭಾನುವಾರ ನನ್ನ ಹೆಂಡತಿ ಇಸ್ತ್ರಿ ಮಾಡುತ್ತಿದ್ದಾಗ ಸುಟ್ಟ ವಾಸನೆ ಬಂತು. ನೋಡಿದರೆ ಬಟ್ಟೆಗೆ ಏನೂ ಆಗಿರಲಿಲ್ಲ. ವಾರ್ಡ್‌ರೋಬ್‌ನ ಹಲಗೆಯಲ್ಲಿ ಕೂರಿಸಿದ್ದ ಪ್ಲಗ್ ಪಾಯಿಂಟ್ ಮುಟ್ಟಿದೆ. ಕೈ ಇಡಲಾಗದಷ್ಟು ಬಿಸಿ. ಮೇನ್ ಆಫ್ ಮಾಡಿ ಎಲೆಕ್ಟ್ರೀಷಿಯನ್‌ನ ಕರೆಸಿದೆ.

ಅವರು ಪ್ಲೇಟ್ ಬಿಚ್ಚಿದಾಗ ಎದೆ ಝಲ್ ಅಂದಿತು. ಹಿಂದೆ ವೈರ್ ಜೋಡಣೆಯನ್ನು ಮುಚ್ಚಿಡುವ ಬಾಕ್ಸೇ ಇಲ್ಲ. ಪ್ಲೈವುಡ್‌ಗೆ ತೂತು ಕೊರೆದು, ಸಾಕೆಟ್ಟನ್ನು ಸೀದಾ ಹಲಗೆಗೇ ಸ್ಕ್ರೂ ಮಾಡಿದ್ದರು. ತೂತಿನ ಅಂಚು ಇದ್ದಿಲಿನಂತೆ ಕಪ್ಪಾಗಿತ್ತು, ಉಗುರು ತಾಗಿಸಿದರೆ ಪುಡಿ ಉದುರಿತು. ಸಂದಿಯಲ್ಲಿ ಬಡಗಿ ಬಿಟ್ಟುಹೋದ ಮರದ ಹೊಟ್ಟು, ಒಂದು ಹಿಡಿಯಷ್ಟು. ಹಲಗೆಯ ಆಚೆ ಸೀರೆಗಳು. ಅದರ ಪಕ್ಕವೇ ಮೊಮ್ಮಗಳು ಮಲಗುವ ಮಂಚ.

ಲೋಡ್ ಜಾಸ್ತಿಯಾದರೆ ತಾನೇ ಕರೆಂಟ್ ಕಡಿಯುವ ಎಂಸಿಬಿ ಯಾಕೆ ಟ್ರಿಪ್ ಆಗಲಿಲ್ಲ ಅಂತ ಕೇಳಿದೆ. "ಲೋಡ್ ಜಾಸ್ತಿ ಇಲ್ವಲ್ಲ ಸಾರ್, ಸ್ಕ್ರೂ ಲೂಸಾಗಿದೆ" ಅಂದರು. ನಮ್ಮದು 1000 ವಾಟ್‌ನ ಇಸ್ತ್ರಿ ಪೆಟ್ಟಿಗೆ. 230 ವೋಲ್ಟ್‌ನಲ್ಲಿ ನಾಲ್ಕೂವರೆ ಆಂಪಿಯರ್ ಕೂಡ ಎಳೆಯುವುದಿಲ್ಲ, ಸಾಕೆಟ್ 6 ಆಂಪಿಯರ್‌ದು. ಲೆಕ್ಕ ಸರಿಯಾಗೇ ಇದೆ. ಆದರೆ ವೈರ್ ಸಡಿಲವಾಗಿ ಕೂತ ಜಾಗ ಮಾತ್ರ ಬಿಸಿಯಾಗುತ್ತಾ ಹೋಗುತ್ತದೆ. ಅದು ಎಂಸಿಬಿಗೆ ಗೊತ್ತಾಗುವುದಿಲ್ಲ. ಸೋರುವ ಕರೆಂಟ್ ಹಿಡಿಯುವ ಆರ್‌ಸಿಸಿಬಿಗೂ ಗೊತ್ತಾಗುವುದಿಲ್ಲ. ಗೋಡೆಯಾದರೆ ಸುತ್ತ ಸಿಮೆಂಟ್ ಇರುತ್ತದೆ, ಒಳಗೊಂದು ಬಾಕ್ಸ್ ಇರುತ್ತದೆ. ಇಲ್ಲಿ ಸುತ್ತ ಇರುವುದೆಲ್ಲ ಉರಿಯುವ ಮರವೇ ಅಲ್ವಾ?

ಮನೆಗೆ ಮೊದಲ ಸಲ ಕರೆಂಟ್ ತಗೊಳ್ಳುವಾಗ ಲೈಸೆನ್ಸ್ ಇರುವ ಕಂಟ್ರಾಕ್ಟರ್ ವೈರಿಂಗ್ ಪರೀಕ್ಷಿಸಿ ಸಹಿ ಹಾಕಬೇಕು. ಆಮೇಲೆ ಇಂಟೀರಿಯರ್ ಮಾಡಿಸಿದರೆ ಕೇಳುವವರಿಲ್ಲ. ನಮ್ಮನೆಯಲ್ಲಿ ವೈರ್ ಜೋಡಿಸಿ ಟೇಪ್ ಸುತ್ತಿದ್ದು ಬಡಗಿಯ ಜತೆ ಬಂದಿದ್ದ ಹುಡುಗ. ಆ ಹುಡುಗನನ್ನು ದೂರಿ ಪ್ರಯೋಜನವಿಲ್ಲ, ಅವನಿಗೆ ಯಾರೂ ಹೇಳಿಕೊಟ್ಟಿಲ್ಲ. ಕೆಲಸ ಹಿಡಿದವರಿಗೆ ಫೋನ್ ಮಾಡಿದರೆ "ಎಲ್ಲಾ ಕಡೆ ಹೀಗೇ ಮಾಡೋದು" ಅಂದರು. ಅದು ನಿಜವಾಗಿದ್ದರೆ ಇನ್ನೆಷ್ಟು ಮನೆಗಳ ಹಲಗೆಯ ಹಿಂದೆ ಹೀಗೆ ಕಪ್ಪಾಗುತ್ತಿದೆಯೋ ಎಂದು ದಿಗಿಲಾಗುತ್ತದೆ.

ಹೊಸದಾಗಿ ಮರದ ಕೆಲಸ ಮಾಡಿಸುತ್ತಿರುವವರು ದಯವಿಟ್ಟು ಕೊನೆಯ ಕಂತು ಕೊಡುವ ಮೊದಲು ಪ್ಲೇಟ್ ಬಿಚ್ಚಿಸಿ ನೋಡಿ. ಹಿಂದೆ ಬಾಕ್ಸ್ ಇರಲೇಬೇಕು. ಹೀಗೆ ಸೇರಿಸುವ ಪಾಯಿಂಟ್‌ಗಳಿಗೂ ಲೈಸೆನ್ಸ್ ಇರುವವರ ಸಹಿ ಕಡ್ಡಾಯ ಮಾಡಬೇಕೆಂದು ವಿದ್ಯುತ್ ಪರಿವೀಕ್ಷಣಾಲಯವನ್ನು ಕೇಳಿಕೊಳ್ಳುತ್ತೇನೆ.

ನಮ್ಮ ಇಸ್ತ್ರಿ ಪಾಯಿಂಟ್ ಈಗ ಗೋಡೆಗೆ ಬಂದಿದೆ. ಟಿವಿ ಯೂನಿಟ್‌ನಲ್ಲಿ ಮೂರು, ಅಡುಗೆಮನೆ ಕಪಾಟಿನಲ್ಲಿ ಎರಡು ಉಳಿದಿವೆ. ಈ ಭಾನುವಾರ ಅವನ್ನೂ ಬಿಚ್ಚಿಸುತ್ತೇವೆ. ಅಲ್ಲಿಯವರೆಗೆ ಅವುಗಳ ಸ್ವಿಚ್ ಹಾಕುವುದಿಲ್ಲ.

– ಒಬ್ಬ ಓದುಗ, ಕುವೆಂಪುನಗರ, ಮೈಸೂರು