ಕುಳ್ಳನಿಗೊಂದು ಪತ್ರ, ವೇಲಾಂಕಣಿಯಿಂದ ಬಂದ ಮೇಲೆ

ಲೋ ಕುಳ್ಳ,

"ಈ ಸಲ ಏನು ಪಾಠ ಕಲಿತು ಬಂದೆ?" ಅಂತ ಫೋನಲ್ಲಿ ರೇಗಿಸಿದೆಯಲ್ಲ, ಉತ್ತರ ಎಲ್ಲರೂ ಓದಲಿ ಅಂತ ಇಲ್ಲೇ ಬರೆಯುತ್ತಿದ್ದೇನೆ. ಬಸ್ ಪಂಕ್ಚರ್ ಆದರೂ ಅದರಲ್ಲೊಂದು ಪ್ರಬೋಧನೆ, ಅಂದರೆ ಚರ್ಚಿನಲ್ಲಿ ಸ್ವಾಮಿಗಳು ಕೊಡುವಂಥ ಉಪದೇಶ, ಹುಡುಕುವವನು ನಾನು.

ತಮಿಳುನಾಡಿನ ಕಡಲತೀರದ ವೇಲಾಂಕಣಿಗೆ, ಮರಿಯ ಮಾತೆಯ ಕ್ಷೇತ್ರಕ್ಕೆ ಹೋಗಿದ್ದೆನಲ್ಲ, ಶುರು ಚೆನ್ನಾಗೇ ಇತ್ತು. ಮಾತೆಯ ಕೊಳದ ಕಡೆಯ ಮರಳ ದಾರಿಯಲ್ಲಿ ಒಬ್ಬ ಅಜ್ಜಿ ಮಂಡಿಯಲ್ಲೇ ನಡೆಯುತ್ತಿದ್ದರು. ಸೆರಗು ಸೊಂಟಕ್ಕೆ ಸಿಗಿಸಿದ್ದರು. ಪಕ್ಕದಲ್ಲಿ ಮೊಮ್ಮಗ. ಒಂದು ಕೈಯಲ್ಲಿ ಅಜ್ಜಿಯ ಚಪ್ಪಲಿ, ಇನ್ನೊಂದರಲ್ಲಿ ಐಸ್‌ಕ್ಯಾಂಡಿ. ಅಜ್ಜಿ ಸುಧಾರಿಸಿಕೊಳ್ಳಲು ನಿಂತಾಗೆಲ್ಲ ಅವನೂ ನಿಂತು ಚೀಪುತ್ತಿದ್ದ. "ಪ್ರಿಯ ಸಹೋದರರೇ..." ಅಂತ ನನ್ನ ತಲೆಯೊಳಗೆ ಆಗಲೇ ಮೈಕ್ ಆನ್ ಆಗಿತ್ತು.

ಆಮೇಲೆ ಸಮುದ್ರದ ಕಡೆ ಹೋದೆ. ಕಥೆ ನಿನಗೂ ಗೊತ್ತು. 17ನೇ ಶತಮಾನದಲ್ಲಿ ಬಿರುಗಾಳಿಗೆ ಸಿಕ್ಕ ಪೋರ್ಚುಗೀಸ್ ನಾವಿಕರು ಮಾತೆಗೆ ಮೊರೆಯಿಟ್ಟರು, ಸೆಪ್ಟೆಂಬರ್ 8ಕ್ಕೆ ದಡ ಸೇರಿದರು, ಹರಕೆಯಂತೆ ಗುಡಿ ಕಟ್ಟಿದರು. ಅದೇ ಬೆಳೆದು ಇವತ್ತಿನ ಬೆಸಿಲಿಕಾ ಅನ್ನುವ ದೊಡ್ಡ ಚರ್ಚಾಯಿತು. ಅದೇ ದಡದಲ್ಲಿ 2004ರ ಡಿಸೆಂಬರ್ 26ರ ಭಾನುವಾರ ಬೆಳಿಗ್ಗೆ ನೂರಾರು ಯಾತ್ರಿಕರು ಸುನಾಮಿಗೆ ಸಿಕ್ಕಿ ಸತ್ತರು. "ನೀರು ಬೆಸಿಲಿಕಾ ಒಳಗೆ ಬರಲಿಲ್ಲ ಸಾರ್, ಪವಾಡ" ಅಂದ ಟೀ ಅಂಗಡಿಯವನು. ನಾನೂ ತಲೆಯಾಡಿಸಿದೆ. ಟೀ ಮಾತ್ರ ಗಂಟಲಲ್ಲಿ ಇಳಿಯಲಿಲ್ಲ.

ಬೈಬಲಿನ ಲೂಕನ ಸುವಾರ್ತೆ 13ನೇ ಅಧ್ಯಾಯದಲ್ಲಿ ಸಿಲೋವದ ಗೋಪುರ ಕುಸಿದು 18 ಜನ ಸತ್ತ ಮಾತು ಬರುತ್ತದಲ್ಲ. ಅವರು ಜೆರುಸಲೇಮಿನ ಉಳಿದವರಿಗಿಂತ ಪಾಪಿಗಳಾ ಅಂತ ಯೇಸುಸ್ವಾಮಿಯೇ ಕೇಳಿ, ಅಲ್ಲ ಅನ್ನುತ್ತಾರೆ. ನೀವು ಮನಸ್ಸು ತಿರುಗಿಸಿಕೊಳ್ಳಿ ಅಂತ ಕೇಳುತ್ತಿದ್ದವರಿಗೇ ಹೇಳುತ್ತಾರೆ. ಆ 18 ಜನ ಯಾಕೆ ಸತ್ತರು ಅನ್ನುವುದಕ್ಕೆ ಒಂದು ಮಾತೂ ಇಲ್ಲ. ನಾನಾಗಿದ್ದರೆ ಅರ್ಧ ಗಂಟೆ ಎಳೆಯುತ್ತಿದ್ದೆ.

ಅಪ್ಪ ಐಸಿಯುನಿಂದ ಎದ್ದು ಬಂದ ಮೇಲೆ ಚರ್ಚಿನಲ್ಲಿ ಸಾಕ್ಷಿ ಹೇಳಿದ್ದೆನಲ್ಲ, "ದೇವರು ನನ್ನ ಮೊರೆ ಕೇಳಿದರು" ಅಂತ? ಚಪ್ಪಾಳೆಯೂ ಬಿದ್ದಿತ್ತು. ಪಕ್ಕದ ಬೆಡ್‌ನವರ ಹೆಂಡತಿ ಹೊರಗೆ ನನ್ನ ಬೆಂಚಿನಲ್ಲೇ ಕೂತು ಜಪಸರ ಹೇಳುತ್ತಿದ್ದರು. ನಾನು ನಡುನಡುವೆ ತೂಕಡಿಸುತ್ತಿದ್ದೆ, ಅವರು ಒಂದು ಮಣಿಯನ್ನೂ ಬಿಡಲಿಲ್ಲ. ಬೆಳಗಿನ ಜಾವ ನರ್ಸ್ ಬಂದು ಕರೆದದ್ದು ಅವರನ್ನು. "ಸದ್ಯ, ನಮ್ಮನ್ನಲ್ಲ" ಅನ್ನಿಸಿತು ಕಣೋ ನನಗೆ. ಇದನ್ನು ಯಾರಿಗೂ ಹೇಳಿಲ್ಲ. ಆಕೆ ಆ ಭಾನುವಾರ ನಮ್ಮ ಚರ್ಚಿಗೆ ಬಂದು ಹಿಂದಿನ ಬೆಂಚಲ್ಲಿ ಕೂತಿದ್ದರೆ ನಾನು ಆ ಸಾಕ್ಷಿ ಹೇಗೆ ಹೇಳುತ್ತಿದ್ದೆ?

ಸಾಕು, ಜಾಸ್ತಿ ಆಯಿತು. ಓದುತ್ತಿರುವ ಚಿಕ್ಕಮ್ಮಂದಿರೇ, ನನ್ನ ವಿಶ್ವಾಸ ಗಟ್ಟಿಯಾಗೇ ಇದೆ, ಸುಮ್ನೆ ಚರ್ಚಿನ ಸ್ವಾಮಿಯವರಿಗೆ ಫೋನ್ ಮಾಡಬೇಡಿ.

ಕುಳ್ಳ, ಅಲ್ಲಿ ಆಳೆತ್ತರದ ಮೇಣದಬತ್ತಿ ಹರಕೆ ಕೊಡುತ್ತಾರೆ, ಗೊತ್ತಲ್ಲ. ನಿನ್ನ ಹೆಸರಲ್ಲೂ ಒಂದು ಕೊಟ್ಟೆ. ಅಗ್ಗಕ್ಕೆ ಸಿಕ್ಕಿತು. ಆದರೂ ದುಡ್ಡು ಕಳಿಸು.

ನಿನ್ನ,
ಅರ್ಧ ಸ್ವಾಮಿ