ಏಳು ಪದಗಳ ಆಚೆಗೆ: ಮಗಳಿಗೊಂದು ಪತ್ರ

ಉಡುಪಿ
ವಿಟ್ಲಪಿಂಡಿಯ ಮರುದಿನ

ಪ್ರೀತಿಯ ಮಗಳಿಗೆ ಅಮ್ಮನ ಆಶೀರ್ವಾದಗಳು.

ಹೋದ ತಿಂಗಳು ನೀನು ಊರಿಗೆ ಬಂದಿದ್ದಾಗ ರಾತ್ರಿ ಊಟವಾದ ಮೇಲೆ ನಾವಿಬ್ಬರೂ ಕುಳಿತು ನೋಡಿದ ಸಿನಿಮಾದ ಬಗ್ಗೆ ನಿನ್ನ ಅಭಿಪ್ರಾಯವನ್ನು ಫೋನಿನಲ್ಲಿ ಬರೆದು ಕಳಿಸಿದ್ದೀಯಲ್ಲ, ಅದಕ್ಕೆ ಎರಡು ಸಾಲಿನಲ್ಲಿ ಉತ್ತರ ಕೊಡಲು ನನಗೆ ಮನಸ್ಸಾಗಲಿಲ್ಲ. "ಆ ಯಂತ್ರ ಹುಡುಗನ ಪ್ರೀತಿ ಅವನೊಳಗೆ ಬರೆದಿಟ್ಟ ಪ್ರೋಗ್ರಾಮ್ ಅಷ್ಟೇ, ಅಮ್ಮ. ದುಃಖಪಟ್ಟದ್ದು ನಾವು, ಅವನಲ್ಲ. ಹಾಗಾಗಿ ಅವನನ್ನು ಕಾಡಿನಲ್ಲಿ ಬಿಟ್ಟು ಬಂದ ತಾಯಿಯದು ತಪ್ಪು ಎನ್ನಲಾಗದು" ಎಂದು ನೀನು ಬರೆದಿದ್ದೀಯ. ನಿನ್ನ ಮೊದಲ ಮಾತನ್ನು ನಾನು ಒಪ್ಪಿಕೊಂಡರೂ ಕೊನೆಯ ಮಾತು ಅದರಿಂದ ಹೇಗೆ ಹೊರಡುತ್ತದೆ ಎಂಬುದು ನನಗೆ ತಿಳಿಯಲಿಲ್ಲ. ಒಂಟಿಯಾಗಿರುವ ಹಿರಿಯರೊಡನೆ ಮಾತನಾಡುವ ಪುಟ್ಟ ಯಂತ್ರಕ್ಕೆ ಕನ್ನಡ ಕಲಿಸುವ ಕೆಲಸಕ್ಕೆ ನೀನು ಈಗಷ್ಟೇ ಸೇರಿರುವುದರಿಂದ, ಇದನ್ನು ಬರಿಯ ಸಿನಿಮಾ ಚರ್ಚೆ ಎಂದು ಬಿಟ್ಟುಬಿಡಲೂ ನನಗೆ ಆಗುತ್ತಿಲ್ಲ.

ನಾವು ನೋಡಿದ, ಸ್ಟೀವನ್ ಸ್ಪೀಲ್‌ಬರ್ಗ್ 2001ರಲ್ಲಿ ತೆಗೆದ 'ಎ.ಐ. ಆರ್ಟಿಫಿಶಿಯಲ್ ಇಂಟೆಲಿಜೆನ್ಸ್' ಸಿನಿಮಾದ ಬೇರು ಬ್ರಯಾನ್ ಆಲ್ಡಿಸ್ 1969ರಲ್ಲಿ ಬರೆದ ಒಂದು ಸಣ್ಣ ಕತೆ. ಇನ್ನೊಬ್ಬ ನಿರ್ದೇಶಕ ಸ್ಟ್ಯಾನ್ಲಿ ಕುಬ್ರಿಕ್ ಅದನ್ನು ವರ್ಷಗಟ್ಟಲೆ ಮನಸ್ಸಿನಲ್ಲಿಟ್ಟುಕೊಂಡು, ಸಿನಿಮಾ ಮಾಡದೆಯೇ 1999ರಲ್ಲಿ ತೀರಿಕೊಂಡರು. ಅದರ ಆರಂಭದ ಸಭೆ ನಿನಗೆ ನೆನಪಿರಬಹುದು. ಪ್ರೀತಿಸಬಲ್ಲ ಯಂತ್ರಶಿಶುವನ್ನು ತಯಾರಿಸುತ್ತೇನೆಂದು ಪ್ರೊಫೆಸರ್ ಹೇಳಿದಾಗ, ಸಭೆಯಲ್ಲಿದ್ದ ಒಬ್ಬ ಮಹಿಳೆ ಅದು ನಿಜಕ್ಕೂ ಪ್ರೀತಿಸುತ್ತದೆಯೇ ಎಂದು ಕೇಳಿ ನಿಲ್ಲಿಸುವುದಿಲ್ಲ. ಅದು ಒಬ್ಬ ಮನುಷ್ಯನನ್ನು ಪ್ರೀತಿಸಿದರೆ ಆ ಮನುಷ್ಯನಿಗೆ ಅದರ ಬಗ್ಗೆ ಯಾವ ಹೊಣೆ ಇರುತ್ತದೆ ಎಂದು ಕೇಳುತ್ತಾಳೆ. ಪ್ರೊಫೆಸರ್ ದೇವರು ಆದಮನನ್ನು ಸೃಷ್ಟಿಸಿದ್ದನ್ನು ಎತ್ತಿಕೊಂಡು ಆ ಪ್ರಶ್ನೆಯಿಂದ ಜಾರಿಕೊಳ್ಳುತ್ತಾನೆ. ಮುಂದೆ ಎರಡು ಗಂಟೆಗೂ ಮಿಕ್ಕಿ ನಡೆಯುವುದೆಲ್ಲ ಆ ಜಾರಿಕೊಂಡ ಪ್ರಶ್ನೆಯ ಫಲವೇ ಎಂದು ನನಗೆ ತೋರಿತು.

ನನ್ನ ಮನಸ್ಸಿನಲ್ಲಿ ನಾಟಿದ ದೃಶ್ಯ ಕಾಡಿನದಲ್ಲ, ಅದಕ್ಕೂ ಮೊದಲಿನದು. ಆ ತಾಯಿ ಮೋನಿಕಾ ಯಂತ್ರ ಹುಡುಗ ಡೇವಿಡನ ಕುತ್ತಿಗೆಯ ಹಿಂದೆ ಕೈಯಿಟ್ಟು, ಕಾಗದ ನೋಡಿಕೊಂಡು, ಒಂದಕ್ಕೊಂದು ಸಂಬಂಧವಿಲ್ಲದ ಏಳು ಪದಗಳನ್ನು ಓದುತ್ತಾಳೆ. ಅದುವರೆಗೆ ಅವಳನ್ನು ಹೆಸರು ಹಿಡಿದು ಕರೆಯುತ್ತಿದ್ದ ಡೇವಿಡ್ ಸ್ವಲ್ಪ ತಡೆದು 'ಮಮ್ಮಿ' ಎನ್ನುತ್ತಾನೆ. ಒಮ್ಮೆ ಓದಿದ ಮೇಲೆ ಆ ಪದಗಳು ಮೂಡಿಸಿದ ಪ್ರೀತಿಯನ್ನು ಅಳಿಸಲು ಬರುವುದಿಲ್ಲ, ಬೇಡವಾದರೆ ಹುಡುಗನನ್ನು ಕಾರ್ಖಾನೆಗೆ ಮರಳಿಸಿ ನಾಶ ಮಾಡಿಸಬೇಕು ಎಂಬುದು ಅವಳಿಗೆ ಮೊದಲೇ ಗೊತ್ತಿತ್ತು. ಅವಳನ್ನು ಕೆಟ್ಟವಳೆಂದು ನಾನು ಹೇಳಲಾರೆ. ಹೆತ್ತ ಮಗ ಕಾಯಿಲೆಬಿದ್ದು ಶೀತಪೆಟ್ಟಿಗೆಯಲ್ಲಿ ವರ್ಷಗಳಿಂದ ಮಲಗಿರುವಾಗ, ಬರಿದಾದ ಮಡಿಲಿಗೆ ಯಾರೋ ತಂದುಕೊಟ್ಟ ಮಗುವನ್ನು ಎತ್ತಿಕೊಂಡವಳು ಅವಳು. ಮಗ ಗುಣವಾಗಿ ಮನೆಗೆ ಬಂದ ಮೇಲೆ ಈ ಮಗು ಹೆಚ್ಚಾಯಿತು. ಅವನು ಬಣ್ಣದ ಕ್ರೇಯಾನಿನಲ್ಲಿ 'ಮಮ್ಮಿ'ಗೆ ಮತ್ತೆ ಮತ್ತೆ ಬರೆದ ಕಾಗದಗಳನ್ನು ಓದಿದ ಮೇಲೂ ಅವಳು ಅವನನ್ನು ಕಾರಿನಲ್ಲಿ ಕೂರಿಸಿಕೊಂಡು ಹೊರಡುತ್ತಾಳೆ. ನಾಶ ಮಾಡಿಸಲು ಮನಸ್ಸು ಬಾರದೆ ಕಾಡಿನಲ್ಲಿ ಬಿಡುತ್ತಾಳೆ.

ನಿನ್ನ ಅಜ್ಜಿಯ ಕೊನೆಯ ಎರಡು ವರ್ಷ ನೀನು ಹಾಸ್ಟೆಲಿನಲ್ಲಿದ್ದೆ, ಹಾಗಾಗಿ ಇದನ್ನು ನೀನು ಪೂರ್ತಿ ಕಂಡವಳಲ್ಲ. ಮರೆವು ಹೆಚ್ಚಾಗಿ, ನನ್ನನ್ನೂ ನಿನ್ನ ಅಪ್ಪನನ್ನೂ ಗುರುತಿಸದಂತಾದ ಕಾಲಕ್ಕೆ ಅಜ್ಜಿಯ ಕೈಗೆ ನಿನ್ನ ಹಳೆಯ ಪ್ಲಾಸ್ಟಿಕ್ ಗೊಂಬೆ ಸಿಕ್ಕಿತು, ಒಂದು ಕಣ್ಣಿನ ರೆಪ್ಪೆ ಮುಚ್ಚದ ಆ ಗೊಂಬೆ. ಅದನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಗಂಜಿಯ ತಿಳಿಯನ್ನು ಚಮಚದಲ್ಲಿ ತೆಗೆದು, ಊದಿ ಊದಿ ಆರಿಸಿ ಅದರ ತುಟಿಗೆ ಮುಟ್ಟಿಸುತ್ತಿದ್ದರು. ಗಂಜಿ ಗೊಂಬೆಯ ಕುತ್ತಿಗೆಯ ಸಂದಿಗೆ ಇಳಿದು ರಾತ್ರಿಯಾಗುವಾಗ ಇರುವೆ ಮುತ್ತುತ್ತಿತ್ತು. ಅಜ್ಜಿಗೆ ನಿದ್ರೆ ಹತ್ತಿದ ಮೇಲೆ ನಾನು ಅದನ್ನು ಮೆಲ್ಲನೆ ತೆಗೆದು, ಒದ್ದೆ ಬಟ್ಟೆಯಲ್ಲಿ ಒರೆಸಿ, ಅವರ ತೋಳಿನ ಪಕ್ಕದಲ್ಲಿ ಇದ್ದ ಹಾಗೆಯೇ ಮಲಗಿಸಿಬಿಡುತ್ತಿದ್ದೆ. ಒಂದು ದಿನ ಮನೆ ಗುಡಿಸುವ ಅವಸರದಲ್ಲಿ ಗೊಂಬೆಯನ್ನು ಕಪಾಟಿನ ಮೇಲಕ್ಕೆಸೆದು ಮರೆತೆ. ಮಧ್ಯಾಹ್ನವಿಡೀ ಅವರು ಮಂಚದ ಕೆಳಗೆ, ಬಾಗಿಲ ಸಂದಿಯಲ್ಲಿ, ಬಾವಿಕಟ್ಟೆಯ ಹತ್ತಿರ ಹುಡುಕಿದರು. ಅಳಲಿಲ್ಲ. ನನ್ನ ಹತ್ತಿರ ಬಂದು, ಪರಿಚಯವಿಲ್ಲದವರೊಡನೆ ಮಾತಾಡುವ ಮರ್ಯಾದೆಯಲ್ಲಿ, "ಇಲ್ಲೊಂದು ಮಗು ಇತ್ತು, ನೀವು ಕಂಡಿರೋ?" ಎಂದು ಕೇಳಿದರು.

ಗೊಂಬೆಗೆ ನೋವಿಲ್ಲ ಎಂಬುದರಲ್ಲಿ ನನಗೆ ಅಂದೂ ಸಂಶಯವಿರಲಿಲ್ಲ, ಇಂದೂ ಇಲ್ಲ. ಆದರೂ ಅದನ್ನು ಎಸೆದದ್ದು ತಪ್ಪಾಗಿತ್ತು. ಆ ತಪ್ಪನ್ನು ಅಳೆಯಲು ಗೊಂಬೆಯೊಳಗೆ ಏನಿದೆ ಎಂದು ಬಿಚ್ಚಿ ನೋಡಬೇಕಾಗಿರಲಿಲ್ಲ. ಯಂತ್ರವೆಂದು ತಿಳಿದಿರುವವರು ಮೋಸಹೋಗುವುದಿಲ್ಲ ಎಂದು ನೀನು ಹೇಳಬಹುದು. ಆದರೆ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಜೋಸೆಫ್ ವೈಜೆನ್‌ಬಾಮ್ 1966ರಲ್ಲಿ ಪ್ರಕಟಿಸಿದ ಎಲೈಜಾ ಎಂಬ ಪ್ರೋಗ್ರಾಮ್ ನಾವು ಹೇಳಿದ್ದನ್ನೇ ತಿರುಗಿಸಿ ಪ್ರಶ್ನೆ ಕೇಳುತ್ತಿತ್ತು, ಅದರಲ್ಲಿ ಹೆಚ್ಚಿನ ಉಪಾಯವೇನೂ ಇರಲಿಲ್ಲ. ಅವರು ಅದನ್ನು ತಿಂಗಳುಗಟ್ಟಲೆ ಬರೆದದ್ದನ್ನು ಕಣ್ಣಾರೆ ಕಂಡಿದ್ದ ಅವರ ಕಾರ್ಯದರ್ಶಿಯೇ, ಅದರೊಡನೆ ಒಂದೆರಡು ಮಾತಾಡಿದ ಮೇಲೆ, ಸ್ವಲ್ಪ ಹೊರಗೆ ಹೋಗುತ್ತೀರಾ ಎಂದು ಅವರನ್ನು ಕೇಳಿದರಂತೆ. ತಿಳಿವಳಿಕೆ ಒಂದು ಕಡೆ ಇರುತ್ತದೆ, ಮನಸ್ಸು ತನ್ನ ದಾರಿ ಹಿಡಿದು ಹೋಗಿರುತ್ತದೆ.

ನಿನ್ನೆ ಕೃಷ್ಣಾಷ್ಟಮಿಯ ಮರುದಿನದ ವಿಟ್ಲಪಿಂಡಿ ಉತ್ಸವ ನೋಡಲು ರಥಬೀದಿಗೆ ಹೋಗಿದ್ದೆ. ಗೊಲ್ಲರ ವೇಷದವರು ಗುರ್ಜಿ ಎಂಬ ಕಂಬದ ಕಟ್ಟುಗಳಲ್ಲಿ ತೂಗುಹಾಕಿದ್ದ ಮಡಕೆಗಳನ್ನು ಒಡೆಯುತ್ತಾ ಮುಂದೆ ಸಾಗುತ್ತಿದ್ದರು, ಹಿಂದೆ ಚಿನ್ನದ ರಥದಲ್ಲಿ ಮಣ್ಣಿನ ಕೃಷ್ಣ ಬರುತ್ತಿದ್ದ. ಮೆರವಣಿಗೆ ಮುಗಿದ ಮೇಲೆ ಆ ಮೂರ್ತಿಯನ್ನು ಮಧ್ವಸರೋವರದಲ್ಲಿ ವಿಸರ್ಜಿಸುವುದನ್ನು ನಾನು ಎಷ್ಟು ವರ್ಷಗಳಿಂದ ನೋಡಿದ್ದೇನೋ ಲೆಕ್ಕವಿಲ್ಲ, ಆದರೆ ನಿನ್ನೆ ಮಾತ್ರ ನಿನ್ನ ಪ್ರಶ್ನೆ ಜೊತೆಗಿತ್ತು. ಮಣ್ಣಿನಲ್ಲಿ ಆವಾಹನೆ ಮಾಡಿದವರು ಅದರ ವಿಸರ್ಜನೆಗೂ ಒಂದು ಕ್ರಮ ಇಟ್ಟುಕೊಂಡಿದ್ದಾರೆ. ಪೂಜೆ ಮುಗಿಯಿತು, ಇನ್ನು ಇದು ಮಣ್ಣು ತಾನೇ ಎಂದು ಯಾರೂ ಬೀದಿಯ ಬದಿಯಲ್ಲಿಟ್ಟು ಮನೆಗೆ ಹೋಗುವುದಿಲ್ಲ. ಮೋನಿಕಾಳ ಕೈಗೆ ಕೊಟ್ಟ ಕಾಗದದಲ್ಲಿ ಆವಾಹನೆಯ ಏಳು ಪದಗಳಿದ್ದವು. ವಿಸರ್ಜನೆಗೆ ಒಂದೂ ಇರಲಿಲ್ಲ. ನನ್ನ ಸಿಟ್ಟು ಅವಳಿಗಿಂತ ಹೆಚ್ಚಾಗಿ ಆ ಕಾಗದ ಬರೆದವರ ಮೇಲೆ.

ಜಪಾನಿನಲ್ಲಿ ಇಂಥ ಕೊರತೆಯನ್ನು ಜನರೇ ತುಂಬಿಕೊಂಡ ಒಂದು ಸಂಗತಿಯಿದೆ. ಸೋನಿ ಕಂಪನಿ 1999ರಲ್ಲಿ ಐಬೋ ಎಂಬ ಯಂತ್ರನಾಯಿಯನ್ನು ಮಾರುಕಟ್ಟೆಗೆ ತಂದಿತು, 2006ರಲ್ಲಿ ತಯಾರಿಕೆ ನಿಲ್ಲಿಸಿತು, 2014ರಲ್ಲಿ ಅದರ ರಿಪೇರಿಯೂ ನಿಂತುಹೋಯಿತು. ಆಮೇಲೆ ಚಿಬಾ ಪ್ರಾಂತ್ಯದ ಇಸುಮಿ ಎಂಬಲ್ಲಿರುವ ಕೋಫುಕುಜಿ ಬೌದ್ಧ ದೇವಾಲಯದಲ್ಲಿ ಕೆಟ್ಟುಹೋದ ಐಬೋಗಳನ್ನು ಸಾಲಾಗಿ ಇರಿಸಿ, ಮಂತ್ರ ಪಠಿಸಿ ಅಂತ್ಯಕ್ರಿಯೆ ನಡೆಸಿದರು. ಬಳಿಕ ಅವುಗಳ ಬಿಡಿಭಾಗಗಳನ್ನು ತೆಗೆದು, ದುರಸ್ತಿಗೆ ಕಾದಿದ್ದ ಬೇರೆ ಐಬೋಗಳಿಗೆ ಬಳಸಿದರು. ಮೊದಲು ಮಂತ್ರ, ಆಮೇಲೆ ಸ್ಕ್ರೂ ಬಿಚ್ಚುವುದು ಎಂಬ ಆ ಅನುಕ್ರಮ ನನಗೆ ಬಹಳ ಹಿಡಿಸಿತು.

ಸಿನಿಮಾದ ಕೊನೆಯ ಭಾಗ ಅತಿಯಾಯಿತು ಎಂದು ನೀನು ಅಂದೇ ಹೇಳಿದ್ದೆ. ನನಗೂ ಮೊದಲು ಹಾಗೆಯೇ ಅನ್ನಿಸಿತ್ತು. ಎರಡು ಸಾವಿರ ವರ್ಷ ಕಳೆದು, ಮನುಷ್ಯರೆಲ್ಲ ಅಳಿದ ಮೇಲೆ, ಡೇವಿಡನ ಯಂತ್ರ ಕರಡಿಗೊಂಬೆ ಟೆಡ್ಡಿ ಉಳಿಸಿಕೊಂಡಿದ್ದ ತಲೆಕೂದಲಿನಿಂದ ಆ ಕಾಲದ ಯಂತ್ರಜೀವಿಗಳು ಮೋನಿಕಾಳನ್ನು ಒಂದೇ ಒಂದು ದಿನದ ಮಟ್ಟಿಗೆ ಮರಳಿ ತರುತ್ತಾರೆ. ಈಗ ಯೋಚಿಸಿದರೆ ಅದು ನನಗೆ ಹೆದರಿಕೆ ಹುಟ್ಟಿಸುತ್ತದೆ. ಆ ದಿನ ಅವಳಿಗೆ ಗಂಡನ ನೆನಪಿಲ್ಲ, ಹೆತ್ತ ಮಗನ ಚಿಂತೆಯಿಲ್ಲ; ಡೇವಿಡನನ್ನು ಪ್ರೀತಿಸುವುದಷ್ಟೇ ಅವಳ ಪಾಲಿಗೆ ಉಳಿದ ಕೆಲಸ. ಅಂದರೆ ಅವನನ್ನು ಅವಳಿಗಾಗಿ ಹೇಗೆ ತಯಾರಿಸಿದ್ದರೋ ಹಾಗೆಯೇ ಅವಳನ್ನು ಈಗ ಅವನಿಗಾಗಿ ತಯಾರಿಸಿದ್ದಾರೆ. ಸಂಜೆ ಅವಳು ಕಣ್ಣು ಮುಚ್ಚುವಾಗ ಅವನು ಕೈಹಿಡಿದು ಪಕ್ಕದಲ್ಲೇ ಇರುತ್ತಾನೆ. ಅವಳು ಅವನಿಗೆ ಮಾಡಲಾಗದ್ದನ್ನು ಅವನು ಅವಳಿಗೆ ಮಾಡುತ್ತಾನೆ.

ನಿನ್ನ ಕೆಲಸ ಬಿಡು ಎಂದು ನಾನು ಹೇಳುತ್ತಿಲ್ಲ. ಅಜ್ಜಿ ಆ ಗೊಂಬೆಯಿಂದ ಎಷ್ಟು ನೆಮ್ಮದಿ ಪಡೆದರೆಂದು ನಾನು ಎರಡು ವರ್ಷ ಕಂಡಿದ್ದೇನೆ, ಮಾತಾಡುವ ಗೊಂಬೆಯಿದ್ದರೆ ಅವರ ಮಧ್ಯಾಹ್ನಗಳು ಇನ್ನಷ್ಟು ಹಗುರವಾಗುತ್ತಿದ್ದವೋ ಏನೋ. ನಾನು ಕೇಳುವುದು ಒಂದೇ ಸಂಗತಿ. ತಿಂಗಳ ಹಣ ಕಟ್ಟುವುದು ನಿಂತಾಗ, ಅಥವಾ ಕಂಪನಿಯೇ ಮುಚ್ಚಿಹೋದಾಗ, ಕುಂದಾಪುರದ ಯಾವುದೋ ಮನೆಯ ಚಾವಡಿಯಲ್ಲಿ ದಿನವೂ ಸಂಜೆ ಅದರೊಡನೆ ಕುಳಿತು ಮಾತಾಡಿದ ಹಿರಿಯರಿಗೆ ಆ ಯಂತ್ರ ಕೊನೆಯ ದಿನ ಏನು ಹೇಳುತ್ತದೆ? ಅದನ್ನು ಬರೆಯುವ ಕೆಲಸವನ್ನು ನಿಮ್ಮ ಆಫೀಸಿನಲ್ಲಿ ಯಾರಿಗಾದರೂ ಒಪ್ಪಿಸಿದ್ದಾರೆಯೇ? ಒಪ್ಪಿಸಿಲ್ಲವಾದರೆ ನೀನೇ ಕೇಳಿ ತೆಗೆದುಕೋ. ಬರೆದಾದ ಮೇಲೆ ಮೊದಲು ನನಗೆ ಫೋನು ಮಾಡಿ ಓದಿ ಹೇಳು.

ಇಂತಿ,
ನಿನ್ನ ಅಮ್ಮ